ಕೊನೆಯ ಪುಟದ ಮಡಿಕೆ

ಫೆಬ್ರವರಿ 3

ಪುಟ್ಟಿ,

ಪಾರ್ಸಲ್ ತಲುಪಿತು. ಇಪ್ಪತ್ತೇಳು ಸ್ವರಲಿಪಿ ಪುಸ್ತಕಗಳೂ ಇವೆ. ಹಾಸಿಗೆಯ ತುಂಬ ಹರಡಿಕೊಂಡು ಕೂತಿದ್ದಾಗ ನರ್ಸ್ ಬಂದು, ಒಂದೇ ಸಂಗೀತಕ್ಕೆ ಇಷ್ಟೊಂದು ಪುಸ್ತಕ ಯಾಕೆ ಎಂದು ಕೇಳಿದಳು. ಒಂದೊಂದು ವಾದ್ಯಕ್ಕೂ ಅದರದೇ ಪುಸ್ತಕ ಇರುತ್ತದೆ, ವಯಲಿನ್ ಮಕ್ಕಳಾದರೆ ಪುಸ್ತಕ ಇಡುವ ಸ್ಟ್ಯಾಂಡಿಗೆ ಇಬ್ಬರಂತೆ ಹಂಚಿಕೊಳ್ಳುತ್ತಾರೆ ಎಂದು ಸ್ಲೇಟಿನಲ್ಲಿ ಬರೆದು ತೋರಿಸುವಷ್ಟರಲ್ಲಿ ಅವಳ ಪಾಳಿಯೇ ಮುಗಿದುಹೋಯಿತು.

ಗಂಟಲಿನ ಗಾಯ ಒಣಗಿದೆ. ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ಫೋನು ಇಟ್ಟುಕೊಂಡು ನಾನೇನು ಮಾಡಲಿ? ಮೊಬೈಲಿನ ಮೇಲೆ ಕುಟ್ಟುತ್ತಾ ಕೂರುವುದು ನನ್ನಿಂದಾಗದ ಕೆಲಸ. ಹಾಗಾಗಿ ಕಾಗದವೇ ಗತಿ, ಸಹಿಸಿಕೋ. ಪಕ್ಕದ ಹಾಸಿಗೆಯವರು ನಿವೃತ್ತ ಬಸ್ ಕಂಡಕ್ಟರ್. ನನ್ನ ಕೆಲಸ ಏನೆಂದು ಕೇಳಿದರು. ನಾನೂ ಕಂಡಕ್ಟರೇ ಎಂದು ಬರೆದು ತೋರಿಸಿದೆ. ‘ಯಾವ ರೂಟು?’ ಅಂದರು. ಮಕ್ಕಳ ವಾದ್ಯವೃಂದ ನಡೆಸುವವನು ಎಂದು ತಿಳಿದ ಮೇಲೆ ಅವರಿಗೆ ಸ್ವಲ್ಪ ನಿರಾಸೆಯಾಯಿತೆಂದು ಕಾಣುತ್ತದೆ.

ಈಗ ಕೆಲಸದ ಮಾತು. ಸಿಂಫೋನಿಯ ನಾಲ್ಕೂ ಭಾಗಕ್ಕೆ ಕಮಾನಿನ ಗುರುತು ಹಾಕುತ್ತಿದ್ದೇನೆ, ಎಲ್ಲಿ ಮೇಲಕ್ಕೆ ಎಳೆಯಬೇಕು, ಎಲ್ಲಿ ಕೆಳಕ್ಕೆ ಎಂದು. ಎಂದಿನಂತೆ ಮೊದಲ ಸ್ಟ್ಯಾಂಡಿನ ಪುಸ್ತಕಕ್ಕೆ ಮಾತ್ರ. ಹಿಂದಿನವರು ಅದನ್ನು ನೋಡಿ ನಕಲು ಮಾಡಿಕೊಳ್ಳಲಿ. ತಾವೇ ಬರೆದುಕೊಂಡರೆ ತಲೆಗೆ ಹತ್ತುತ್ತದೆ. ಪೆನ್ಸಿಲ್ ಬಿಟ್ಟು ಬೇರೇನೂ ಮುಟ್ಟಿಸಬೇಡ. ಇವು ಈ ಊರಿನ ಸಂಗೀತ ಗ್ರಂಥಾಲಯದಿಂದ ಬಾಡಿಗೆಗೆ ತಂದವು ಎಂಬುದು ನೆನಪಿರಲಿ. ಹಿಂದಿರುಗಿಸುವಾಗ ಒಂದು ಗೆರೆಯೂ ಉಳಿಯದಂತೆ ಅಳಿಸಿ ಕೊಡಬೇಕು.

ಸೆಪ್ಟೆಂಬರ್ 14ಕ್ಕೆ ನಮ್ಮ ವಾದ್ಯವೃಂದಕ್ಕೆ ಇಪ್ಪತ್ತೈದು ವರ್ಷ ತುಂಬುತ್ತದೆ. ಆ ಕಛೇರಿಗೆ ನಾನೇ ಬಂದು ನಿಲ್ಲುತ್ತೇನೆ. ಕೋಲು ಆಡಿಸಲು ಗಂಟಲು ಬೇಕಿಲ್ಲ. ಅಲ್ಲಿಯವರೆಗೆ ಮಕ್ಕಳು ಚದುರದಂತೆ ನೋಡಿಕೋ, ಇನ್ನೇನೂ ಕೇಳುವುದಿಲ್ಲ. ಈಗ ಎಷ್ಟು ಜನ ಬರುತ್ತಿದ್ದಾರೆ? ದಾನಿಗೊಂದು ಕುರ್ಚಿ ಎಂಬ ನಿನ್ನ ಯೋಜನೆ ಎಲ್ಲಿಗೆ ಬಂತು? ಕುರ್ಚಿಯ ಬೆನ್ನಿಗೆ ದಾನಿಯ ಹೆಸರಿನ ತಗಡು ಹೊಡೆಯುವುದಕ್ಕೆ ನನ್ನ ತಕರಾರಿಲ್ಲ. ಅದರಲ್ಲಿ ಯಾರು ಕೂರಬೇಕೆಂದು ಮಾತ್ರ ನಾವು ತೀರ್ಮಾನಿಸಬೇಕು.

ನಿನ್ನ ಅಣ್ಣ


ಫೆಬ್ರವರಿ 12

ಅಣ್ಣಾ,

‘ಯಾವ ರೂಟು’ ಓದಿ ನಕ್ಕೂ ನಕ್ಕೂ ಸಾಕಾಯಿತು. ಮಕ್ಕಳಿಗೂ ಓದಿ ಹೇಳಿದೆ.

ನಲವತ್ತೊಂದು ಜನ ಬರುತ್ತಿದ್ದಾರೆ, ನೀನು ಹೋಗುವಾಗ ಇದ್ದಷ್ಟೇ. ಒಬ್ಬರೂ ಬಿಟ್ಟಿಲ್ಲ. ಇನ್ನೂ ಆರು ಜನ ಕಾಯುವವರ ಪಟ್ಟಿಯಲ್ಲಿದ್ದಾರೆ, ಅವರ ತಾಯಂದಿರು ದಿನಾ ಬಂದು ನನ್ನ ಜೀವ ತಿನ್ನುತ್ತಾರೆ.

ಹೋದ ಭಾನುವಾರ ದೇಣಿಗೆಗಾಗಿ ಸೋಫಾ ಅಂಗಡಿಯೊಂದರ ಉದ್ಘಾಟನೆಯಲ್ಲಿ ನಾಲ್ಕು ಮಕ್ಕಳ ತಂಡ ನುಡಿಸಿತು. ಮಕ್ಕಳು ತಮ್ಮ ಹೊಸ ಸೋಫಾದ ಮೇಲೆಯೇ ಕೂತು ನುಡಿಸಲಿ ಎಂದು ಅಂಗಡಿಯವರ ಹಟ. ನಮ್ಮ ಚೆಲ್ಲೋ ಹುಡುಗಿ ಕೂತವಳು ಎಷ್ಟು ಆಳಕ್ಕೆ ಇಳಿದಳೆಂದರೆ ಹಿಂದೆ ನಿಂತವರಿಗೆ ಕಮಾನು ಮಾತ್ರ ಹೋಗಿ ಬರುವುದು ಕಾಣುತ್ತಿತ್ತು. ದುಡ್ಡಿನ ಜೊತೆಗೆ ತಲೆಗೊಂದು ದಿಂಬು ಕೊಟ್ಟು ಕಳಿಸಿದರು.

ದೊಡ್ಡ ಸುದ್ದಿ ಬೇರೆಯೇ ಇದೆ. ಬಣ್ಣದ ಕಾರ್ಖಾನೆಯ ಯಜಮಾನಿ ನಮ್ಮ ಇಡೀ ವರ್ಷದ ಖರ್ಚು ವಹಿಸಿಕೊಳ್ಳುವ ಮಾತಾಡುತ್ತಿದ್ದಾರೆ. ಅವರ ಮೊಮ್ಮಗಳು ನಮ್ಮಲ್ಲಿ ವಯಲಿನ್ ನುಡಿಸುತ್ತಾಳೆ, ನೀನು ಹೊರಟ ವಾರವಷ್ಟೇ ಸೇರಿದ ಹೊಸಬಳು, ನೀನು ನೋಡಿಲ್ಲ. ಅವಳನ್ನು ಮೊದಲ ಕುರ್ಚಿಯಲ್ಲಿ, ವಯಲಿನ್ ಮುಂದಾಳುವಿನ ಜಾಗದಲ್ಲಿ, ಕೂರಿಸಲು ಆಗುತ್ತದೆಯೇ ಎಂದು ಕೇಳಿದರು. ನೋಡೋಣ ಅಂದಿದ್ದೇನೆ.

ನಿನ್ನ ಪುಟ್ಟಿ


ಫೆಬ್ರವರಿ 12, ಸಂಜೆ

ಅಣ್ಣಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ಮಧ್ಯಾಹ್ನ ಹಾಕಿದ ಪತ್ರದಲ್ಲಿ ಸೋಫಾ ಅಂಗಡಿ ನಿಜ, ಕಾರ್ಖಾನೆಯಮ್ಮ ನಿಜ, ಉಳಿದದ್ದು ಸುಳ್ಳು. ನಿಜವನ್ನು ಎಲ್ಲಾದರೂ ಒಂದು ಕಡೆ ಬರೆದಿಡದಿದ್ದರೆ ನನಗೇ ಮರೆತುಹೋಗುತ್ತದೆ ಎಂಬ ಭಯಕ್ಕೆ ಬರೆಯುತ್ತಿದ್ದೇನೆ.

ಹತ್ತೊಂಬತ್ತು ಮಕ್ಕಳಿದ್ದಾರೆ. ನಿನ್ನ ಆಪರೇಷನ್ ಸುದ್ದಿ ಹರಡಿದ ವಾರದಲ್ಲೇ ಹದಿನಾಲ್ಕು ಜನ ಬಿಟ್ಟರು. ಯಾರ ತಂದೆತಾಯಿಯೂ ಜಗಳಕ್ಕೆ ಬರಲಿಲ್ಲ. ‘ಸರ್ ವಾಪಸ್ ಬಂದ್ಮೇಲೆ ಕಳಿಸ್ತೀವಿ’ ಎಂದು ನಗುನಗುತ್ತಲೇ ಹೇಳಿ ಹೋದರು. ಆಮೇಲೆ ಶಾಲೆಯವರು ಸಭಾಂಗಣ ತಮಗೆ ಬೇಕೆಂದರು. ಈಗ ಈಜುಕೊಳದ ಪಕ್ಕದ ಹಳೆಯ ಕ್ಯಾಂಟೀನಿನಲ್ಲಿ ಅಭ್ಯಾಸ. ಅಲ್ಲಿಯ ತೇವಕ್ಕೆ ವಯಲಿನ್‌ಗಳ ಬಿರಡೆ ಜಾರುತ್ತದೆ, ಹತ್ತು ನಿಮಿಷಕ್ಕೊಮ್ಮೆ ಶ್ರುತಿ ಮಾಡಬೇಕು. ನಿಧಾನದ ಭಾಗ ಶುರುವಾಗುವುದನ್ನೇ ಕಾದವರಂತೆ ಈಜು ಕೋಚ್ ಸೀಟಿ ಊದುತ್ತಾರೆ. ಆ ಜಾಗ ನೋಡಿ ಇನ್ನೂ ಎಂಟು ಜನ ಹೋದರು.

ಕಾರ್ಖಾನೆಯಮ್ಮನಿಗೆ ನಾನು ನೋಡೋಣ ಅನ್ನಲಿಲ್ಲ, ಆಗಲಿ ಅಂದೆ. ಆ ಹುಡುಗಿಗೆ ಲಯ ಸಾಲದು, ನಿಜ. ಆದರೆ ಎಲ್ಲರಿಗಿಂತ ಮೊದಲು ಬಂದು ಒಣಬಟ್ಟೆಯಿಂದ ಎಲ್ಲರ ವಾದ್ಯ ಒರೆಸಿಡುತ್ತಾಳೆ. ಅವಳ ಅಜ್ಜಿ ಕೈ ಹಿಡಿದರೆ ಹಾಲ್ ಸಿಗುತ್ತದೆ, ಹಾಲ್ ಸಿಕ್ಕರೆ ಹೋದವರು ಬರುತ್ತಾರೆ. ನೀನು ಬರುವ ಹೊತ್ತಿಗೆ ನಲವತ್ತೊಂದು ಮಾಡಿಟ್ಟಿರುತ್ತೇನೆ. ಆಗ ನಾನು ಬರೆದದ್ದು ಸುಳ್ಳಾಗುವುದಿಲ್ಲ, ಸ್ವಲ್ಪ ಮುಂಚೆ ಬರೆದಂತಾಗುತ್ತದೆ, ಅಷ್ಟೇ.


ಮಾರ್ಚ್ 2

ಪುಟ್ಟಿ,

ನಲವತ್ತೊಂದು ಮತ್ತು ಆರು ಎಂದು ಪಕ್ಕದ ಕಂಡಕ್ಟರಿಗೆ ತೋರಿಸಿದೆ. ‘ಫುಟ್‌ಬೋರ್ಡ್ ಮೇಲೂ ಜನ’ ಅಂದರು. ಎರಡು ದಿನದಿಂದ ನನಗೆ ಊಟ ಸೇರುತ್ತಿದೆ, ಅಂದರೆ ನಳಿಕೆಯಲ್ಲಿ ಕೊಡುವ ಗಂಜಿ.

ಒಂದು ಮಾತು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಸಂತೋಷದ ಜೊತೆ ಸ್ವಲ್ಪ ಹೊಟ್ಟೆಯೂ ಉರಿಯಿತು. ಇಷ್ಟು ವರ್ಷ ನಾನಿಲ್ಲದೆ ಅಲ್ಲಿ ಒಂದು ಕುರ್ಚಿಯೂ ಅಲುಗುವುದಿಲ್ಲ ಎಂದುಕೊಂಡಿದ್ದೆ. ನಾನು ಇಲ್ಲಿಗೆ ಬಂದ ಮೇಲೂ ಒಂದು ಮಗುವೂ ಬಿಡಲಿಲ್ಲವೆಂದರೆ ನೀನು ನನಗಿಂತ ಚೆನ್ನಾಗಿ ನಡೆಸುತ್ತಿದ್ದೀಯ ಎಂದಾಯಿತು. ಸೆಪ್ಟೆಂಬರಿನಲ್ಲಿ ನನಗೊಂದು ಹೂಗುಚ್ಛ ಕೊಟ್ಟು ಮೊದಲ ಸಾಲಿನಲ್ಲಿ ಕೂರಿಸುವ ಆಲೋಚನೆ ಇದ್ದರೆ ಈಗಲೇ ಹೇಳಿಬಿಡು, ಹೊಸ ಕೋಟು ಹೊಲಿಸುವುದು ಉಳಿಯುತ್ತದೆ.

ಗುರುತು ಹಾಕಿದ ಪುಸ್ತಕಗಳನ್ನು ಇವತ್ತು ಕಳಿಸಿದ್ದೇನೆ. ಒಂದೂವರೆ ತಿಂಗಳು ಅಭ್ಯಾಸ ಮಾಡಿಸಿ ಮತ್ತೆ ಇಲ್ಲಿಗೆ ಕಳಿಸು. ಕೇಳಲಾಗದಿದ್ದರೂ ಪುಸ್ತಕ ನೋಡಿದರೆ ಸಾಕು, ಎಲ್ಲಿ ಎಡವುತ್ತಿದ್ದಾರೆಂದು ನನಗೆ ಗೊತ್ತಾಗುತ್ತದೆ. ತಪ್ಪುವ ಜಾಗದಲ್ಲೆಲ್ಲ ಮಕ್ಕಳು ಕನ್ನಡಕದ ಚಿತ್ರ ಬರೆದುಕೊಳ್ಳುತ್ತಾರಲ್ಲ, ತಲೆ ಎತ್ತಿ ನನ್ನನ್ನು ನೋಡಬೇಕು ಎಂದು ನೆನಪಿಗೆ. ನಿನ್ನ ಕಾಲದಲ್ಲಿ ನೀನೂ ಬರೆಯುತ್ತಿದ್ದೆ, ಪುಟಕ್ಕೆ ನಾಲ್ಕು. ಆ ಕನ್ನಡಕಗಳನ್ನು ನೋಡುವ ಆಸೆಯಾಗಿದೆ.

ಇನ್ನೊಂದು ಕೆಲಸ ಮಾಡಿದ್ದೇನೆ. ನಿನ್ನ ತಲೆನೋವೊಂದು ಕಡಿಮೆಯಾಗುತ್ತದೆ. ಆಮೇಲೆ ಹೇಳುತ್ತೇನೆ.

ನಿನ್ನ ಅಣ್ಣ


ಏಪ್ರಿಲ್ 6

ಇದನ್ನೂ ಹಾಕುವುದಿಲ್ಲ.

ನೀನು ಮಾಡಿದ ಕೆಲಸ ಏನೆಂದು ನಿನ್ನೆ ಗೊತ್ತಾಯಿತು. ಕಾರ್ಖಾನೆಯಮ್ಮ ಸಹಿ ಹಾಕಲು ಬರುತ್ತಾರೆಂದು ಕ್ಯಾಂಟೀನಿನ ಗೋಡೆಯನ್ನೆಲ್ಲ ಒರೆಸಿ ಕಾಯುತ್ತಿದ್ದೆ. ಬಂದರು. ಕೂರಲಿಲ್ಲ. ನುಡಿಸುವುದು ಮುಗಿಯುವ ತನಕ ಬಾಗಿಲ ಬಳಿ ನಿಂತು ಮಕ್ಕಳನ್ನು ಕಣ್ಣಿನಲ್ಲೇ ಎಣಿಸಿದರು, ಹದಿನಾರು ಜನ. ಆಮೇಲೆ ಹಳೆಯ ಬಿಲ್ ಕೌಂಟರಿನ ಮೇಲೆ ಒಂದು ಕಾಗದ ಇಟ್ಟರು. ನಿನ್ನ ಕೈಬರಹ ನನಗೆ ಯಾರೂ ಪರಿಚಯ ಮಾಡಿಕೊಡಬೇಕಿಲ್ಲ.

ನಮ್ಮಲ್ಲಿ ನಲವತ್ತೊಂದು ಮಕ್ಕಳಿದ್ದಾರೆ, ಆರು ಜನ ಕಾಯುತ್ತಿದ್ದಾರೆ, ನಮಗೆ ಯಾರ ಹಂಗೂ ಇಲ್ಲ ಎಂದು ಬರೆದಿದ್ದೆ. ಮೊದಲ ಕುರ್ಚಿ ಮಾರಾಟಕ್ಕಿಲ್ಲ ಎಂದು ಬರೆದಿದ್ದೆ. ನಿಮ್ಮ ಮೊಮ್ಮಗಳು ಎಲ್ಲರಂತೆ ಕೊನೆಯ ಸ್ಟ್ಯಾಂಡಿನಿಂದ ಶುರುಮಾಡಲಿ ಎಂದೂ ಬರೆದಿದ್ದೆ. ಆಕೆ ಕೂಗಾಡಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಮೆಲ್ಲಗೆ ಹೇಳಿದರು:

‘ನೀವಿಬ್ಬರಲ್ಲಿ ಒಬ್ಬರು ನನಗೆ ಸುಳ್ಳು ಹೇಳ್ತಿದೀರಿ. ಯಾರು ಅಂತ ಹುಡುಕ್ಕೊಂಡು ಕೂರೋಕೆ ನನಗೆ ಇಷ್ಟ ಇಲ್ಲಮ್ಮ.’

ಮೊಮ್ಮಗಳನ್ನು ಕರೆದುಕೊಂಡು ಹೋದರು. ಆ ಹುಡುಗಿ ಒರೆಸುವ ಬಟ್ಟೆಯನ್ನು ಮಡಚಿ ಕಿಟಕಿಯ ಮೇಲಿಟ್ಟು ಹೋದಳು.

ಅಣ್ಣಾ, ನಿನ್ನ ಮೇಲೆ ಬಂದಿರುವ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ. ಸಾವಿರ ಮೈಲಿ ದೂರದಲ್ಲಿ ಹಾಸಿಗೆ ಹಿಡಿದು ಮಲಗಿದವನಿಗೆ ಸ್ವಾಭಿಮಾನ ಬೇಕಿತ್ತೇ? ನನ್ನನ್ನೊಂದು ಮಾತು ಕೇಳಬಾರದಿತ್ತೇ? ಇಷ್ಟು ಬರೆದ ಮೇಲೆ, ನಲವತ್ತೊಂದು ಎಂದು ನಿನಗೆ ಹೇಳಿದವಳು ನಾನೇ ಎಂಬುದು ನೆನಪಾಗುತ್ತದೆ. ಹತ್ತೊಂಬತ್ತು ಎಂದಿದ್ದರೆ ನೀನು ಆ ಪತ್ರ ಬರೆಯುತ್ತಿರಲಿಲ್ಲ. ನಿನ್ನ ಮೇಲೆ ಸಿಟ್ಟಾಗುವ ಹಕ್ಕನ್ನೂ ನಾನು ಉಳಿಸಿಕೊಂಡಿಲ್ಲ.


ಏಪ್ರಿಲ್ 21

ಹಾಕದ ಪತ್ರಗಳ ಜೊತೆ ಇದೂ ಇರಲಿ.

ನೀನು ಪುಸ್ತಕ ಕೇಳಿದ್ದೀಯ. ಹದಿನೈದು ಮಕ್ಕಳು ಮುಟ್ಟಿದ್ದು ಒಂಬತ್ತು ಪುಸ್ತಕ ಮಾತ್ರ. ಹದಿನೆಂಟು ಹೇಗೆ ಬಂದವೋ ಹಾಗೇ ಇವೆ. ಹಾಗೇ ಕಳಿಸಿದರೆ ಒಂದೇ ನೋಟಕ್ಕೆ ನಿನಗೆ ಎಲ್ಲ ತಿಳಿಯುತ್ತದೆ. ಅದಕ್ಕೆ ಮೂರು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಒಬ್ಬಳೇ ಕೂತು ನಲವತ್ತೊಂದು ಮಕ್ಕಳಾದೆ. ಹಿಂದಿನ ಸ್ಟ್ಯಾಂಡುಗಳಿಗೆಲ್ಲ ಗುರುತು ನಕಲು ಮಾಡಿದೆ, ಒಂದರಲ್ಲಿ ಒತ್ತಿ, ಒಂದರಲ್ಲಿ ತೆಳ್ಳಗೆ, ಒಂದರಲ್ಲಿ ಎಡಗೈಯಲ್ಲಿ. ಕನ್ನಡಕ ಬರೆದೆ. ದುಂಡು ಕನ್ನಡಕ, ಚೌಕದ ಕನ್ನಡಕ, ಕಹಳೆ ಊದುವವನ ಪುಸ್ತಕದಲ್ಲಿ ಮೀಸೆಯಿರುವ ಕನ್ನಡಕ. ಕಹಳೆಯವನು ಫೆಬ್ರವರಿಯಲ್ಲೇ ಬಿಟ್ಟಿದ್ದಾನೆ. ಬೇಗ ಮಗುಚಲು ಮಕ್ಕಳು ಪುಟದ ಕೆಳಗಿನ ಮೂಲೆ ಮಡಚುತ್ತಾರಲ್ಲ, ಅದನ್ನೂ ಮಡಚಿದೆ. ಎಲ್ಲ ಪುಸ್ತಕದ್ದೂ, ಎಲ್ಲ ಪುಟದ್ದೂ. ಬೆರಳಿನ ಕೊಳೆ ಕಾಣಲೆಂದು ಕೈ ತೊಳೆಯದೆ ಕೆಲಸ ಮಾಡಿದೆ.

ಕೆಲಸ ಮುಗಿದಾಗ ನನಗೇ ಒಂದು ಕ್ಷಣ ಸಂತೋಷವಾಯಿತು. ಎಲ್ಲರೂ ಇದ್ದಾರೆ ಅನ್ನಿಸಿತು.


ಏಪ್ರಿಲ್ 22

ಅಣ್ಣಾ,

ಪುಸ್ತಕಗಳನ್ನು ಕಳಿಸಿದ್ದೇನೆ. ಮಕ್ಕಳು ಚೆನ್ನಾಗಿ ಅಭ್ಯಾಸ ಮಾಡುತ್ತಿದ್ದಾರೆ. ಮೂರನೇ ಭಾಗ ಇನ್ನೂ ಓಡುತ್ತದೆ, ಹಿಡಿದು ನಿಲ್ಲಿಸುತ್ತಿದ್ದೇನೆ. ಆರೋಗ್ಯ ನೋಡಿಕೋ.

ಪುಟ್ಟಿ


ಮೇ 9

ಪುಟ್ಟಿ,

ಪುಸ್ತಕಗಳು ಬಂದವು. ಒಂದೊಂದನ್ನೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೋಡಿದೆ. ತುಂಬ ಹೊತ್ತು ಕೂತು ದುಡಿದಿದ್ದಾರೆ.

ಮತ್ತೆ ಗುರುತು ಹಾಕಿ ವಾಪಸ್ ಕಳಿಸುತ್ತಿದ್ದೇನೆ. ಈ ಸಲ ಎಲ್ಲ ಪುಸ್ತಕಗಳಿಗೂ ನಾನೇ ಹಾಕಿದ್ದೇನೆ. ಯಾರಿಗಾದರೂ ಜ್ವರ ನೆಗಡಿ ಬಂದು ತಪ್ಪಿಸಿಕೊಂಡರೆ ಅವರ ಭಾಗವನ್ನು ಇನ್ನೊಬ್ಬರು ನುಡಿಸಲು ಬರುವಂತೆ ಅಲ್ಲಲ್ಲಿ ಬರೆದಿದ್ದೇನೆ. ಪಾರ್ಸಲ್ ಬಿಚ್ಚಿ ಪ್ರತಿ ಪುಟವನ್ನೂ ನೋಡು. ದಯವಿಟ್ಟು ನೋಡು.

ಕಂಡಕ್ಟರ್ ನಿನ್ನನ್ನು ಕೇಳಿದರು ಎಂದು ತಿಳಿಸಲು ಹೇಳಿದ್ದಾರೆ. ನಿನ್ನ ಬೆನ್ನುನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಣ್ಣ


ಮೇ 20

ಇದೂ ಹಾಕದ ಪತ್ರವೇ. ಪಾರ್ಸಲ್ ಬಂದಿದೆ. ಪ್ರತಿ ಪುಟವನ್ನೂ ನೋಡಬೇಕಂತೆ. ಜ್ವರ ನೆಗಡಿಗೆ ಬದಲಿ ವ್ಯವಸ್ಥೆಯಂತೆ. ಮಕ್ಕಳ ಬೆನ್ನು ಹತ್ತುವ ನಿನ್ನ ಚಾಳಿ ಆಸ್ಪತ್ರೆಯಲ್ಲೂ ಬಿಡಲಿಲ್ಲವಲ್ಲ ಅಣ್ಣಾ. ಕಾರ್ಖಾನೆಯಮ್ಮನಿಗೆ ಬರೆದ ಪತ್ರದ ಬಗ್ಗೆ ಒಂದಕ್ಷರ ಹೇಳಲು ನಿನಗೆ ಬರಲಿಲ್ಲ, ಪ್ರತಿ ಪುಟ ನೋಡು ಎಂದು ಹೇಳಲು ಬರುತ್ತದೆ.

ಕಟ್ಟಿದ ದಾರವನ್ನೂ ಬಿಚ್ಚದೆ ಅದನ್ನು ಕಪಾಟಿನ ಮೇಲೆ ಎಸೆದಿದ್ದೇನೆ. ಹನ್ನೊಂದು ಜನರಿಗೆ ಸಿಂಫೋನಿ ಯಾಕೆ? ಮೂರು ನಾಲ್ಕು ಜನರ ತಂಡ ಮಾಡಿ ಅಂಗಡಿ ಉದ್ಘಾಟನೆಗಳಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಹೋದ ವಾರ ಚಪ್ಪಲಿ ಅಂಗಡಿಯಲ್ಲಿ ನುಡಿಸಿದೆವು. ಮಕ್ಕಳು ಒಂದೇ ಪ್ರಶ್ನೆ ಕೇಳುತ್ತಾರೆ, ದೊಡ್ಡದನ್ನು ಯಾವಾಗ ನುಡಿಸುವುದು ಎಂದು. ಸರ್ ಬರಲಿ ಅನ್ನುತ್ತೇನೆ.


ಜೂನ್ 30

ಅಣ್ಣಾ,

ನಿನ್ನ ಹೊಸ ಗುರುತುಗಳು ತುಂಬ ಉಪಯೋಗಕ್ಕೆ ಬಂದವು. ಪ್ರತಿ ಪುಟವನ್ನೂ ನೋಡಿದೆವು, ಎಲ್ಲರೂ ಪಾಲಿಸುತ್ತಿದ್ದಾರೆ. ಸೆಪ್ಟೆಂಬರ್ 14ಕ್ಕೆ ಸಭಾಂಗಣ ಗೊತ್ತು ಮಾಡಿದ್ದೇನೆ. ಅಲ್ಲಿಯ ಕೆಂಪು ಪರದೆಯನ್ನು ಈ ಸಲ ನಮಗೋಸ್ಕರವೇ ಒಗೆಸುತ್ತಾರಂತೆ.

ಪುಟ್ಟಿ


ಆಗಸ್ಟ್ 17

ಪುಟ್ಟಿ,

ನೀನು ಪಾರ್ಸಲ್ ಬಿಚ್ಚಿಲ್ಲ. ಬಿಚ್ಚಿದ್ದರೆ ಜೂನ್ 30ರ ಪತ್ರವನ್ನು ಹಾಗೆ ಬರೆಯುತ್ತಿರಲಿಲ್ಲ.

ನನಗೆ ಮೇ ತಿಂಗಳಿನಿಂದ ಗೊತ್ತು. ಕನ್ನಡಕಗಳನ್ನು ಚೆನ್ನಾಗಿಯೇ ಬರೆದಿದ್ದೆ, ಮೀಸೆಯದನ್ನು ನೋಡಿ ನಾನೇ ನಕ್ಕೆ. ಎಡಗೈಯ ಗುರುತುಗಳೂ ಪರವಾಗಿಲ್ಲ. ಆದರೆ ಇಪ್ಪತ್ತೇಳು ಪುಸ್ತಕದಲ್ಲೂ ಕೊನೆಯ ಪುಟದ ಮೂಲೆ ಮಡಚಿತ್ತು. ಕೊನೆಯ ಪುಟವನ್ನು ಯಾರು ಮಗುಚುತ್ತಾರೆ ಪುಟ್ಟಿ? ಅದರ ಆಚೆ ಏನಿದೆ ಎಂದು ಮಗುಚಬೇಕು? ಮಗುವೊಂದು ಮರೆತು ಮಡಚಿದ್ದರೆ ಒಂದು ಪುಸ್ತಕದಲ್ಲಿರುತ್ತಿತ್ತು. ಇಪ್ಪತ್ತೇಳನ್ನೂ ಒಬ್ಬರೇ ಕೂತು ಮಡಚಿದ್ದಾರೆ, ಯಾರೆಂದೂ ಗೊತ್ತಾಯಿತು. ಚಿಕ್ಕಂದಿನಿಂದಲೂ ನೀನು ಹೀಗೇ. ಅಮ್ಮನ ಗಾಜಿನ ಜಾಡಿ ಒಡೆದಾಗ ಬೆಕ್ಕು ಬೀಳಿಸಿತು ಎಂದು ನಿಲ್ಲಿಸಿದ್ದರೆ ಅಮ್ಮ ನಂಬುತ್ತಿದ್ದಳು. ಬೀಳಿಸಿ ಆಮೇಲೆ ಅತ್ತಿತು ಅಂದೆ. ನಲವತ್ತೊಂದು ಎಂದು ಬರೆದು ಬಿಟ್ಟಿದ್ದರೆ ಸಾಕಿತ್ತು, ಕಾಯುವವರ ಪಟ್ಟಿ ಯಾಕೆ ಬೇಕಿತ್ತು? ಆಗ ನಾನು ನಂಬಿದ್ದು ನಂಬಬೇಕೆಂದು ಆಸೆಯಿದ್ದುದರಿಂದ.

ತಿಳಿದೂ ಯಾಕೆ ಹೇಳಲಿಲ್ಲ ಎಂದು ಕೇಳಬಹುದು. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಒಡೆಯಲು ಮನಸ್ಸು ಬರಲಿಲ್ಲ. ಅದಕ್ಕೇ ಜ್ವರ ನೆಗಡಿಯ ನೆಪ ಹಾಕಿ ಇಡೀ ಸಿಂಫೋನಿಯನ್ನು ಕೆಲವೇ ಜನರಿಗೆಂದು ಬರೆದು ಕಳಿಸಿದೆ. ಓಬೋದ್ದು ವಯಲಿನ್‌ಗೆ, ಕಹಳೆಯದ್ದು ಚೆಲ್ಲೋಗೆ. ಹತ್ತೇ ಜನ ಇದ್ದರೂ ಕೊನೆಯವರೆಗೆ ನಡೆಯುತ್ತದೆ. ವಾರವಿಡೀ ಅದೇ ಕೆಲಸ ಮಾಡಿದೆ, ಕಂಡಕ್ಟರ್ ಪೆನ್ಸಿಲ್ ಚೂಪು ಮಾಡಿಕೊಟ್ಟರು. ನೀನು ಒಂದು ಪುಟ ತೆರೆದರೆ ನನಗೆ ತಿಳಿದಿದೆಯೆಂದು ನಿನಗೂ ತಿಳಿಯುತ್ತದೆ, ಇಬ್ಬರೂ ಬಾಯಿ ಬಿಡಬೇಕಿಲ್ಲ ಎಂದುಕೊಂಡೆ. ಬಾಯಿ ಬಿಡಲಾಗದವನ ಯೋಚನೆ.

ನಾನೂ ನಿನಗೆ ಹೇಳದ್ದೊಂದಿದೆ. ಗಡ್ಡೆ ಮಾರ್ಚಿನಲ್ಲೇ ಮರಳಿ ಬಂದಿದೆ. ಈಗ ಕೆಳಗೆ, ಎದೆಯ ಹತ್ತಿರ. ಪ್ರಯಾಣ ಬೇಡವೆಂದು ಡಾಕ್ಟರು ಮೊದಲೇ ಹೇಳಿದ್ದರು, ಈಗ ಬೇಡವೆಂದು ಹೇಳುವ ಅಗತ್ಯವೂ ಉಳಿದಿಲ್ಲ. ನಾನು ಬರುವುದಿಲ್ಲ ಪುಟ್ಟಿ. ನೀನು ಇಲ್ಲಿಗೆ ಓಡಿ ಬರಬೇಡ. ಒಂದು ಮಗುವಾದರೂ ಬರುತ್ತಿರುವವರೆಗೆ ನೀನು ಅಲ್ಲಿರಬೇಕು.

ಪುಸ್ತಕಗಳನ್ನು ಕಳಿಸು. ಗ್ರಂಥಾಲಯ ಇದೇ ಊರಿನಲ್ಲಿದೆ, ಅಳಿಸಿ ಕೊಡುವ ಕೆಲಸ ನಾನು ಮಾಡುತ್ತೇನೆ.

ಕೊನೆಗೊಂದು ಪ್ರಶ್ನೆ. ಇದಕ್ಕೆ ಮಾತ್ರ ನಿಜ ಹೇಳು. ಫೆಬ್ರವರಿ ಕೊನೆಯಲ್ಲಿ ಬಣ್ಣದ ಕಾರ್ಖಾನೆಯ ಯಜಮಾನಿಗೆ ನಾನೊಂದು ಪತ್ರ ಬರೆದೆ. ನಲವತ್ತೊಂದು ಮಕ್ಕಳಿದ್ದಾರೆಂಬ ಗರ್ವದಲ್ಲಿ ಬರೆದದ್ದು. ಆಮೇಲೆ ನೀನು ಆಕೆಯ ಮಾತನ್ನೇ ಎತ್ತಲಿಲ್ಲ. ಮೇ ತಿಂಗಳಿನಿಂದ ಇದೊಂದೇ ನನ್ನನ್ನು ಕೊರೆಯುತ್ತಿದೆ. ಆ ಪತ್ರದಿಂದಲೇ ಎಲ್ಲ ಮುಗಿಯಿತೇ?

ನಿನ್ನ ಅಣ್ಣ


ಆಗಸ್ಟ್ 28

ಅಣ್ಣಾ,

ನಿನ್ನ ಪತ್ರ ಕೈಯಲ್ಲಿ ಹಿಡಿದೇ ಕಪಾಟು ಹತ್ತಿ ಪಾರ್ಸಲ್ ಇಳಿಸಿದೆ. ಬಿಚ್ಚಲಿಲ್ಲ ಎಂಬುದು ನಿಜ. ನಿನ್ನ ಮೇಲಿನ ಸಿಟ್ಟಿಗೆ ಬಿಚ್ಚಲಿಲ್ಲ. ನನ್ನ ತಪ್ಪುಗಳನ್ನು ಹಿಡಿಯಲು ಪುಟ ನೋಡು ಅನ್ನುತ್ತಿದ್ದೀಯ ಎಂದುಕೊಂಡೆ.

ಎಲ್ಲವನ್ನೂ ಓದಿದೆ. ಚೆಲ್ಲೋ ಪುಸ್ತಕದಲ್ಲಿ ಕಹಳೆಯ ಸಾಲು, ಅದರ ಪಕ್ಕದಲ್ಲಿ ‘ನಾಚಬೇಡ, ಜೋರಾಗಿ’ ಎಂದು ಬರೆದಿದ್ದೀಯ. ಆ ಹುಡುಗಿ ಜೂನ್ ಕೊನೆಯವರೆಗೂ ಬರುತ್ತಿದ್ದಳು. ಮೇ ತಿಂಗಳಲ್ಲಿ ನಮ್ಮಲ್ಲಿ ಹನ್ನೊಂದು ಜನರಿದ್ದರು ಅಣ್ಣಾ. ನೀನು ಹತ್ತು ಜನರಿಗೆ ಸಾಲುವಂತೆ ಬರೆದಿದ್ದೆ. ನಮ್ಮಲ್ಲಿ ಒಬ್ಬರು ಹೆಚ್ಚೇ ಇದ್ದರು. ಅಂದೇ ದಾರ ಬಿಚ್ಚಿದ್ದರೆ ಅವರೆಲ್ಲ ದೊಡ್ಡದನ್ನು ನುಡಿಸಲು ಉಳಿಯುತ್ತಿದ್ದರು. ಅಂಗಡಿ ಅಂಗಡಿ ಸುತ್ತಿ ಸಾಕಾಗಿ ಬಿಟ್ಟರು. ನಿನ್ನ ವಾದ್ಯವೃಂದವನ್ನು ನಾನು ಕಪಾಟಿನ ಮೇಲಿಟ್ಟು ಕೊಂದೆ.

ಈಗ ಐವರಿದ್ದಾರೆ. ಭಾನುವಾರ ನಿನ್ನ ಪುಸ್ತಕಗಳನ್ನಿಟ್ಟು ಮೊದಲ ಭಾಗ ಶುರುಮಾಡಿದೆವು. ಐದಾರು ನಿಮಿಷ ನಡೆಯಿತು, ನಿಂತಿತು. ಮತ್ತೆ ಶುರುಮಾಡಿದೆವು, ಅದೇ ಜಾಗದಲ್ಲಿ ನಿಂತಿತು. ಐದು ಜನರಿಗೆ ಸಾಲುವುದಿಲ್ಲ. ಕ್ಯಾಂಟೀನನ್ನು 31ಕ್ಕೆ ಬಿಟ್ಟುಕೊಡಬೇಕು. ಅದಾದ ಮೇಲೆ ಮಕ್ಕಳು ಬರುವುದಕ್ಕೆ ಜಾಗವೇ ಇಲ್ಲ. ದಾನಿಗಳ ತಗಡುಗಳನ್ನು ಬಿಚ್ಚಿ ಅವರವರ ಮನೆಗೆ ತಲುಪಿಸಿ ನಾನು ಹೊರಡುತ್ತೇನೆ, ಸೆಪ್ಟೆಂಬರ್ ಕೊನೆಗಷ್ಟೇ ಟಿಕೆಟ್ ಸಿಕ್ಕಿದೆ. ಬರಬೇಡ ಅನ್ನಬೇಡ. ಪುಸ್ತಕಗಳು ಇದರ ಜೊತೆಗಿವೆ.

ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ. ನಿನ್ನ ಪತ್ರ ಸೇರುವ ಮೊದಲೇ ಆಕೆ ಬೇಡವೆಂದಿದ್ದರು.

ಪುಟ್ಟಿ


ಸೆಪ್ಟೆಂಬರ್ 14

ಪುಟ್ಟಿ,

ಇಪ್ಪತ್ತೇಳು ಪುಸ್ತಕಗಳನ್ನೂ ಅಳಿಸಿ ಮುಗಿಸಿದೆ. ಕೊನೆಯ ಎಂಟನ್ನು ಕಂಡಕ್ಟರ್ ಅಳಿಸಿದರು, ನನ್ನ ಕೈ ನಿಲ್ಲುತ್ತಿರಲಿಲ್ಲ. ಮೀಸೆಯ ಕನ್ನಡಕ ಅಳಿಸಲು ಅವರಿಗೂ ಮನಸ್ಸಾಗಲಿಲ್ಲ, ಅಳಿಸಿ ಎಂದು ನಾನೇ ಸನ್ನೆ ಮಾಡಿದೆ. ಮೂಲೆಗಳನ್ನೆಲ್ಲ ಬಿಡಿಸಿ ದಿಂಬಿನ ಕೆಳಗಿಟ್ಟು ಒತ್ತಿದ್ದೇವೆ. ಮಡಿಕೆಯ ಗೆರೆ ಮಾತ್ರ ಹೋಗುವುದಿಲ್ಲ. ಪರವಾಗಿಲ್ಲ, ಮಕ್ಕಳು ನುಡಿಸಿದ್ದಾರೆ ಎಂದು ಗ್ರಂಥಾಲಯದವರು ತಿಳಿದುಕೊಳ್ಳುತ್ತಾರೆ. ನಾಳೆ ನರ್ಸ್ ಒಯ್ದು ಕೊಡುತ್ತಾಳೆ.

ನೀನು ಬರುವಷ್ಟರಲ್ಲಿ ನಾನಿರುತ್ತೇನೋ ಇಲ್ಲವೋ, ನಿಧಾನವಾಗಿಯೇ ಬಾ.

ನಿನ್ನ ಪತ್ರದ ಕೊನೆಯ ಎರಡು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಚೆನ್ನಾಗಿ ಬರೆದಿದ್ದೀಯ. ಈ ಸಲ ಒಂದು ಮಾತೂ ಹೆಚ್ಚಿಲ್ಲ.

ನಿನ್ನ ಅಣ್ಣ